ಪಟ್ಟಿಯಲ್ಲಿ ಒಬ್ಬರು ಕಡಿಮೆ

ಹೋದ ವರ್ಷ ಮಳೆಗಾಲ ಹಿಡಿದ ವಾರ ಸಾಗರದಲ್ಲಿ ಒಂದು ಕೆಲಸವಿತ್ತು. ಬೇಗ ಮುಗಿಯಿತು. ತಾಳಗುಪ್ಪದಿಂದ ಬರುವ ರೈಲಿಗೆ ಇನ್ನೂ ಹೊತ್ತಿದ್ದುದರಿಂದ ಕೊಡೆ ಬಿಚ್ಚಿಕೊಂಡು ಪೇಟೆಯಲ್ಲಿ ಸುಮ್ಮನೆ ನಡೆಯುತ್ತಿದ್ದೆ. ಒಂದು ತಿರುವಿನಲ್ಲಿ ಇಸ್ತ್ರಿಯ ವಾಸನೆ ಬಂತು. ಪೂರ್ತಿ ಒಣಗದ ಬಟ್ಟೆಯ ಮೇಲೆ ಇದ್ದಿಲ ಇಸ್ತ್ರಿಪೆಟ್ಟಿಗೆ ಒತ್ತಿದಾಗ ಹಬೆಯ ಜೊತೆ ಏಳುತ್ತದಲ್ಲ, ಆ ವಾಸನೆ. ತಲೆಯೆತ್ತಿದರೆ ಅದೇ ಕಟ್ಟಡ. ಕೆಳಗೆ ಅದೇ ಇಸ್ತ್ರಿ ಅಂಗಡಿ. ಮೇಲೆ ನಾವು ಕೂತು ಕೆಲಸ ಮಾಡುತ್ತಿದ್ದ ಕೋಣೆಯ ಕಿಟಕಿಗೆ ಈಗ ಯಾವುದೋ ಟ್ಯೂಷನ್ ಕ್ಲಾಸಿನ ಬೋರ್ಡು ತೂಗುತ್ತಿತ್ತು.

ಅಲ್ಲಿ ನಾಲ್ಕು ವರ್ಷ ಇದ್ದೆ. ಆದರೆ ಆ ವಾಸನೆಗೆ ಎದ್ದು ಬಂದದ್ದು ಒಂದೇ ಒಂದು ಮಳೆಗಾಲ.

ನಾನು ಹೊಸನಗರದವಳು. ಡಿಪ್ಲೊಮಾ ಮುಗಿಸಿ, ಮನೆಯಿಂದಲೇ ಓಡಾಡಬಹುದಾದ ಕೆಲಸ ಹುಡುಕುತ್ತಿದ್ದಾಗ ಪದ್ಮರಾಜ್ ಸರ್ ಸಿಕ್ಕಿದರು. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡಿ ನಿವೃತ್ತರಾದ ಮೇಲೆ ಸುಮ್ಮನೆ ಕೂರಲಾಗದೆ ಸಾಗರದಲ್ಲಿ ಈ ಕೋಣೆ ಹಿಡಿದು ಸಣ್ಣಪುಟ್ಟ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದರು. ಕೋಣೆಯಲ್ಲಿ ನಾಲ್ಕು ಕುರ್ಚಿ. ಒಂದು ಸರ್‌ದು, ಒಂದು ಗಿರಿಜಕ್ಕನದು, ಒಂದು ನನ್ನದು. ನಾಲ್ಕನೆಯದರಲ್ಲಿ ವರ್ಷಕ್ಕೊಬ್ಬರಂತೆ ಬಂದು ಕೂತು ಹೋಗುತ್ತಿದ್ದರು. ಆ ವರ್ಷ ಅದು ಖಾಲಿಯಿತ್ತು.

ನಮ್ಮ ಕೈಲಿದ್ದ ಮುಖ್ಯ ಕೆಲಸ ಒಂದು ಟ್ರಸ್ಟಿನದು. ಕಿಡ್ನಿ ಕೆಟ್ಟು ಡಯಾಲಿಸಿಸ್ ಮಾಡಿಸಿಕೊಳ್ಳಬೇಕಾದವರನ್ನು ಹಳ್ಳಿಗಳಿಂದ ಆಸ್ಪತ್ರೆಗೆ ಕರೆತಂದು ವಾಪಸು ಬಿಡಲು ಆ ಟ್ರಸ್ಟು ಎರಡು ವ್ಯಾನ್ ಓಡಿಸುತ್ತಿತ್ತು. ಒಂದು ಹೊಸನಗರದ ಕಡೆಯವರನ್ನು ಸಾಗರಕ್ಕೆ ತರುತ್ತಿತ್ತು. ಇನ್ನೊಂದು ಕೋಣಂದೂರಿನಿಂದ ಹೊರಟು ಅರಳಸುರಳಿ ಕಡೆ ಸುತ್ತಿ ತೀರ್ಥಹಳ್ಳಿಗೆ ಹೋಗುತ್ತಿತ್ತು. ಯಾವ ದಿನ ಯಾರ್ಯಾರನ್ನು ಎಲ್ಲೆಲ್ಲಿ ಹತ್ತಿಸಿಕೊಳ್ಳಬೇಕು ಎಂಬ ಪಟ್ಟಿ ಡ್ರೈವರುಗಳ ಮೊಬೈಲಿಗೆ ಬರುವಂತೆ ನಾವೊಂದು ಆ್ಯಪ್ ಮಾಡಿಕೊಟ್ಟಿದ್ದೆವು. ಎಲ್ಲ ಸೇರಿ ಇಪ್ಪತ್ತೆರಡು ಜನ. ಒಬ್ಬೊಬ್ಬರಿಗೆ ವಾರಕ್ಕೆರಡು ಸಲ.

ನಾವು ಬರೆಯುವ ಕೋಡ್ ಬರೆದ ಹಾಗೇ ಮೊಬೈಲಿನಲ್ಲಿ ಓಡುವುದಿಲ್ಲ. ಬೇರೆಬೇರೆ ಕಡೆ ಬರೆದಿದ್ದನ್ನೆಲ್ಲ ಸೇರಿಸಿ, ಕಟ್ಟಿ, ಮೊಬೈಲಿಗೆ ಹಾಕಿಕೊಳ್ಳುವಂಥ ಒಂದು ಫೈಲ್ ಮಾಡಬೇಕು. ಅದಕ್ಕೆ ಬಿಲ್ಡ್ ಎನ್ನುತ್ತೇವೆ. ನಮ್ಮಲ್ಲಿ ಬಿಲ್ಡ್ ಮಾಡುವ ಕೆಲಸ ಗಿರಿಜಕ್ಕನದು.

ಗಿರಿಜಕ್ಕನಿಗೆ ಆಗ ಐವತ್ತರ ಹತ್ತಿರ. ಹದಿನೆಂಟನೇ ವಯಸ್ಸಿಗೆ ಸಾಗರದ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಲು ಸೇರಿ, ಪ್ರೆಸ್ಸಿಗೆ ಕಂಪ್ಯೂಟರ್ ಬಂದಾಗ ಅದನ್ನೂ ಕಲಿತು, ಪ್ರೆಸ್ಸು ಮುಚ್ಚಿದ ಮೇಲೆ ಡೇಟಾ ಎಂಟ್ರಿಗೆಂದು ಇಲ್ಲಿಗೆ ಬಂದವರು. ಮದುವೆಯಾಗಿರಲಿಲ್ಲ, ಅಣ್ಣನ ಮನೆಯಲ್ಲಿದ್ದರು. ಸರ್ ಹೇಳಿಕೊಟ್ಟ ಹದಿನೇಳು ಹೆಜ್ಜೆಗಳನ್ನು ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದಿಟ್ಟುಕೊಂಡಿದ್ದರು. ಪ್ರತಿ ಶುಕ್ರವಾರ ಊಟ ಮುಗಿಸಿ ಬಿಲ್ಡ್ ಮಾಡಲು ಬಾಗಿಲಿಗೆ ಬೆನ್ನು ಮಾಡಿ ಕೂತರೆಂದರೆ ಸರ್ ಕೂಡ ಅವರನ್ನು ಮಾತಾಡಿಸುವಂತಿರಲಿಲ್ಲ. ಫೈಲ್ ತಯಾರಾದ ಮೇಲೆ ಮೊದಲು ತಮ್ಮ ಮೊಬೈಲಿಗೆ ಹಾಕಿಕೊಂಡು, ನೋಟ್‌ಬುಕ್ ಪಕ್ಕಕ್ಕಿಟ್ಟುಕೊಂಡು ಏನೇನೋ ನೋಡುತ್ತಿದ್ದರು. ಆಮೇಲೆ ಡ್ರೈವರುಗಳಿಗೆ ಕಳಿಸಿ, ಇಬ್ಬರಿಗೂ ಫೋನ್ ಮಾಡಿ, "ಹಾಕ್ಕಂಡ್ರಾ? ಕಾಣ್ತಾ?" ಎಂದು ವಿಚಾರಿಸಿಕೊಳ್ಳುತ್ತಿದ್ದರು. ಇಷ್ಟಕ್ಕೆ ಅರ್ಧ ದಿನ ಹೋಗುತ್ತಿತ್ತು.

ಆ ವರ್ಷ ಭರಣಿ ಮಳೆ ಬೀಳುವ ಹೊತ್ತಿಗೆ ಗಿರಿಜಕ್ಕನಿಗೆ ಕಾಮಾಲೆಯಾಯಿತು. ಮೂರು ವಾರ ಹಾಸಿಗೆ ಹಿಡಿದರು. ಸರಿಯಾಗಿ ಆಗಲೇ ಆಸ್ಪತ್ರೆಯವರು ಡಯಾಲಿಸಿಸ್ ಪಾಳಿಯ ಸಮಯ ಬದಲಾಯಿಸಿದರು. ಆ್ಯಪಿನಲ್ಲಿ ತಿದ್ದುವುದು ನನಗೆ ಅರ್ಧ ಗಂಟೆಯ ಕೆಲಸವಾಯಿತು. ಬಿಲ್ಡ್ ಮಾತ್ರ ಆಗಲಿಲ್ಲ. ನೋಟ್‌ಬುಕ್ ತರಿಸಿಕೊಂಡು ಸರ್ ತಾವೇ ಕೂತರು. ಹನ್ನೊಂದನೆಯ ಹೆಜ್ಜೆ ತಪ್ಪಿಸಿಬಿಟ್ಟರು. ಆ ಫೈಲ್ ಡ್ರೈವರುಗಳ ಮೊಬೈಲಿನಲ್ಲಿ ತೆರೆಯಲೇ ಇಲ್ಲ. ಒಂಬತ್ತು ದಿನ ಇಬ್ಬರೂ ಕಾಗದದಲ್ಲಿ ಬರೆದುಕೊಂಡು ಗಾಡಿ ಓಡಿಸಿದರು.

"ಸರ್, ಇದನ್ನ ಮೆಷಿನ್ನಿಗೇ ಬಿಡ್ಬಹುದು" ಎಂದೆ ನಾನು.

ನಾವು ಬರೆದ ಕೋಡೆಲ್ಲ ಇಂಟರ್‌ನೆಟ್ಟಿನಲ್ಲಿ ಒಂದು ಜಾಗದಲ್ಲಿ ಜಮೆಯಾಗಿರುತ್ತದೆ. ಅದು ರೆಪೊಸಿಟರಿ. ಬರೆದಿದ್ದನ್ನು ಅಲ್ಲಿಗೆ ಕಳಿಸುವುದು ಪುಶ್ ಮಾಡುವುದು. ಯಾರಾದರೂ ಪುಶ್ ಮಾಡಿದ ಕೂಡಲೇ ಬಿಲ್ಡ್ ತಾನಾಗಿಯೇ ಶುರುವಾಗುವಂತೆ ಮಾಡಬಹುದು. ದೊಡ್ಡ ಊರುಗಳ ಕಂಪನಿಗಳಲ್ಲಿ ಹಾಗೇ ನಡೆಯುತ್ತದೆಂದು ಓದಿದ್ದೆ. ಕೈಯಾರೆ ಮಾಡಿ ನೋಡುವ ಆಸೆ ಬಹಳ ದಿನದಿಂದ ಇತ್ತು. ಸರ್ ಒಪ್ಪಿದರು.

ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕಂಪ್ಯೂಟರ್ ಒರೆಸಿ ಕಬ್ಬಿಣದ ಸ್ಟ್ಯಾಂಡಿನ ಮೇಲಿಟ್ಟೆ. ಪುಶ್ ಆದ ಸುದ್ದಿಯನ್ನು ರೆಪೊಸಿಟರಿಯೇ ನಮ್ಮ ಮೆಷಿನ್ನಿಗೆ ತಿಳಿಸಬೇಕಿತ್ತು. ಆದರೆ ನಮ್ಮ ಆಫೀಸಿನ ಇಂಟರ್‌ನೆಟ್ಟಿಗೆ ಹೊರಗಿನಿಂದ ಯಾರೂ ನೇರ ಬರುವಂತಿರಲಿಲ್ಲ. ಅದಕ್ಕೇ ನಮ್ಮ ಮೆಷಿನ್ನೇ ಐದೈದು ನಿಮಿಷಕ್ಕೆ ಅಲ್ಲಿ ಹೋಗಿ ಕೇಳುವ ಹಾಗೆ ಮಾಡಿದೆ. ಅಷ್ಟರಲ್ಲಿ ಕೃತ್ತಿಕೆಯ ಸಿಡಿಲು ರೂಟರನ್ನು ಸುಟ್ಟಿತು. ಹೊಸದು ಬರುವಷ್ಟರಲ್ಲಿ ಗಿರಿಜಕ್ಕ ವಾಪಸು ಬಂದಿದ್ದರು. ಸೊರಗಿದ್ದರು, ಕಣ್ಣಿನ ಹಳದಿ ಇನ್ನೂ ಪೂರ್ತಿ ಹೋಗಿರಲಿಲ್ಲ.

"ಐದೈದು ನಿಮಿಷಕ್ಕೆ ಎಂತ ಕೇಳ್ತದೆ ಅದು?" ಎಂದರು.

"ಹೊಸದೇನಾದ್ರೂ ಬಂತಾ ಅಂತ ಅಕ್ಕಾ."

"ನಮ್ಮತ್ತಿಗೆ ಪೋಸ್ಟ್‌ಮ್ಯಾನ್ ಹತ್ರ ಕೇಳ್ದಂಗೆ ಆಯ್ತು ಬಿಡು" ಎಂದು ನಕ್ಕರು.

ಮೃಗಶಿರಾ ಮಳೆಯ ಒಂದು ಮಧ್ಯಾಹ್ನ ಅದು ಮೊದಲ ಬಾರಿಗೆ ಸರಿಯಾಗಿ ನಡೆಯಿತು. ನಾನು ಪುಶ್ ಮಾಡಿ ಕೈ ಕಟ್ಟಿ ಕೂತೆ. ಸ್ವಲ್ಪ ಹೊತ್ತಿಗೆ ಹಳೆಯ ಮೆಷಿನ್ನಿನ ಫ್ಯಾನು ಜೋರಾಗಿ ತಿರುಗತೊಡಗಿತು. ಗಿರಿಜಕ್ಕ ಎದ್ದು ಬಂದು ನನ್ನ ಹಿಂದೆ ನಿಂತರು. ಅವರ ಹದಿನೇಳು ಹೆಜ್ಜೆಗಳು ಪರದೆಯ ಮೇಲೆ ಒಂದರ ಹಿಂದೊಂದು ಓಡಿದವು. ನಾನೇ ಬರೆದಿದ್ದ ಆರು ಸಣ್ಣ ಪರೀಕ್ಷೆಗಳನ್ನೂ ಮೆಷಿನ್ನು ಮಾಡಿ ಮುಗಿಸಿತು. ಆ್ಯಪ್ ತೆರೆಯುತ್ತದೆಯೇ, ದಿನಾಂಕ ಸರಿಯಿದೆಯೇ, ಅಂಥವು. ಹನ್ನೆರಡು ನಿಮಿಷಕ್ಕೆ ಹಸಿರು ಗುರುತು ಬಿತ್ತು. ಸರ್ ಚಪ್ಪಾಳೆ ತಟ್ಟಿದರು.

ಗಿರಿಜಕ್ಕ ಕೇಳಿದರು: "ಹಂಗಾರೆ ಶುಕ್ರವಾರ ನಾನೆಂತ ಮಾಡ್ಲಿ?"

"ಆರಾಮಾಗಿರಿ ಅಕ್ಕಾ. ಇಷ್ಟು ವರ್ಷ ಕಷ್ಟಪಟ್ಟಿದೀರಲ್ಲ" ಎಂದೆ.

ಒಳ್ಳೆಯ ಮಾತು ಆಡಿದೆ ಎಂದೇ ತಿಳಿದಿದ್ದೆ. ಅವರು ತಮ್ಮ ಕುರ್ಚಿಗೆ ಹೋಗಿ ಕೂತರು. ಮುಂದಿನ ಶುಕ್ರವಾರ ಊಟವಾದ ಮೇಲೆ ಅವರು ಬಾಗಿಲಿಗೆ ಬೆನ್ನು ಮಾಡಿ ಕೂರಲಿಲ್ಲ. ಹಳೆಯ ಫೈಲುಗಳ ಧೂಳು ಒರೆಸಿ ಜೋಡಿಸಿದರು. ಅದರ ಮುಂದಿನ ಶುಕ್ರವಾರ ಕಿಟಕಿಯ ಗಾಜು ತೊಳೆದರು. ಒಂದು ದಿನ ಟೀ ಕುಡಿಯುತ್ತಾ ಸರ್ ನನ್ನೊಬ್ಬಳ ಹತ್ತಿರ, "ಈ ಕೆಲಸಕ್ಕೆ ಇಬ್ರೇ ಸಾಕಾಗ್ಬಹುದು ಅನ್ಸುತ್ತೆ. ಗಣೇಶನ ಹಬ್ಬ ಕಳೀಲಿ, ನೋಡಾಣ" ಎಂದರು. ಯಾರ ಬಗ್ಗೆ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಆ ಸಂಜೆ ಹೊಸನಗರದ ಬಸ್ಸಿನಲ್ಲಿ ಕೂತಾಗ ಮನಸ್ಸು ಕಸಿವಿಸಿಯಾಯಿತು. ಆದರೂ ಮಾಡುವ ಕೆಲಸ ಬಿಡಲಿಲ್ಲ, ಇನ್ನೊಂದು ಹೆಜ್ಜೆ ಮುಂದೆ ಹೋದೆ. ಹಸಿರು ಗುರುತು ಬಿದ್ದರೆ ಸಾಕು, ಹೊಸ ಆ್ಯಪ್ ತಾನಾಗಿಯೇ ಡ್ರೈವರುಗಳ ಮೊಬೈಲಿಗೆ ಹೋಗಿ ಸೇರುವಂತೆ ಮಾಡಿದೆ. ಮಧ್ಯೆ ಯಾರೂ ಬೇಕಾಗಿರಲಿಲ್ಲ.

ಆರಿದ್ರಾ ಮಳೆಯೆಲ್ಲ ಹೀಗೇ ಚೆನ್ನಾಗಿ ನಡೆಯಿತು. ಪುನರ್ವಸು ಹಿಡಿದ ಮೇಲೆ ನಾಲ್ಕು ದಿನ ಬಿಡದೆ ಸುರಿಯಿತು. ಆ ವಾರದ ಬುಧವಾರ ನಾನೊಂದು ಹೊಸ ಸೌಕರ್ಯ ಬರೆದು ಮುಗಿಸಿದ್ದೆ. ಪಟ್ಟಿಯಲ್ಲಿ ಪ್ರತಿ ಹೆಸರಿನ ಪಕ್ಕ ಒಂದು ಗುಂಡಿ. ಒತ್ತಿದರೆ ಆ ರೋಗಿಯ ಮೊಬೈಲಿಗೆ ಕರೆ ಹೋಗುತ್ತದೆ. ಡ್ರೈವರುಗಳೇ ಕೇಳಿದ್ದು. ಸಂಜೆ ಬಸ್ಸಿಗೆ ಹೊತ್ತಾಗಿತ್ತು. ಪುಶ್ ಮಾಡಿ, ಫ್ಯಾನಿನ ಸದ್ದು ಕೇಳಿಸಿಕೊಂಡು, ಕೊಡೆ ತಗೊಂಡು ಇಳಿದೆ. ದಾರಿಯಲ್ಲಿ ಮೊಬೈಲ್ ನೋಡಿದರೆ ಹಸಿರು ಬಿದ್ದಿತ್ತು.

ಮರುದಿನ ಗುರುವಾರ. ಹನ್ನೊಂದು ಗಂಟೆ ಇರಬೇಕು. ಗಿರಿಜಕ್ಕ ತಮ್ಮ ಮೊಬೈಲನ್ನೂ ನೋಟ್‌ಬುಕ್ಕನ್ನೂ ಮೇಜಿನ ಮೇಲಿಟ್ಟುಕೊಂಡು ಎರಡನ್ನೂ ಮತ್ತೆಮತ್ತೆ ನೋಡುತ್ತಿದ್ದರು. ಯಾರೂ ಹೇಳದಿದ್ದರೂ ಹೊಸ ಆ್ಯಪ್ ಬಂದಾಗಲೆಲ್ಲ ಅವರು ಅದನ್ನು ನೋಡುತ್ತಲೇ ಇದ್ದರಂತೆ. ನನಗೆ ಗೊತ್ತಿರಲಿಲ್ಲ.

"ಸವಿತಾ, ಇಲ್ ಬಾ" ಎಂದರು. "ಕೋಣಂದೂರು ಗಾಡಿ. ಗುರುವಾರಕ್ಕೆ ಏಳು ಜನ. ಇದ್ರಲ್ಲಿ ಆರೇ ಕಾಣ್ತದೆ. ಒಬ್ರು ಕಡಿಮೆ."

"ಯಾರೋ ರಜ ಹೇಳಿರ್ತಾರೆ ಅಕ್ಕಾ."

"ಇದಕ್ಕೆ ರಜ ಯಾರು ಹಾಕ್ತಾರೆ ಮಾರಾಯ್ತಿ! ಶಾರದಮ್ಮ ಇಲ್ಲ, ಅರಳಸುರಳಿಯವ್ರು."

ನನಗೆ ಆಗಲೇ ಗೊತ್ತಾಗಿಹೋಯಿತು. ಶಾರದಮ್ಮನಿಗೆ ಫೋನಿಲ್ಲ. ಅವರಿರುವ ಮನೆಯ ಹತ್ತಿರ ಸಿಗ್ನಲ್ ಸಿಗುವುದಿಲ್ಲ, ಹಾಗಾಗಿ ಅವರು ಮೊಬೈಲನ್ನೇ ಇಟ್ಟುಕೊಂಡಿರಲಿಲ್ಲ. ಪ್ರತಿ ಹೆಸರಿಗೂ ಫೋನ್ ನಂಬರ್ ಹುಡುಕುವಂತೆ ನಾನು ಬರೆದ ಸಾಲು, ನಂಬರ್ ಸಿಗದ ಹೆಸರನ್ನು ಪಟ್ಟಿಯಿಂದಲೇ ಬಿಟ್ಟುಬಿಟ್ಟಿತ್ತು. ನನ್ನ ಆರು ಪರೀಕ್ಷೆಗಳಲ್ಲಿ ಫೋನಿಲ್ಲದವರು ಒಬ್ಬರೂ ಇರಲಿಲ್ಲ. ಬರೆಯುವಾಗ ಫೋನಿಲ್ಲದ ಮನುಷ್ಯರಿರುತ್ತಾರೆ ಎಂದು ನನಗೆ ಹೊಳೆದೇ ಇರಲಿಲ್ಲ.

ಗಿರಿಜಕ್ಕ ಆಗಲೇ ತೀರ್ಥಹಳ್ಳಿಯ ಡಯಾಲಿಸಿಸ್ ವಿಭಾಗಕ್ಕೆ ಫೋನ್ ಹಚ್ಚಿದ್ದರು. ಜ್ಯೋತಿ ಎಂಬ ಸಿಸ್ಟರ್ ಎತ್ತಿಕೊಂಡರು. "ಹೌದು, ಶಾರದಮ್ಮ ಬಂದಿಲ್ಲ. ಮಳೆ ಅಂತ ಉಳ್ಕಂಡ್ರೇನೋ ಅಂದ್ಕಂಡ್ವಿ. ಹೋದ ಸೋಮವಾರನೇ ಕಾಲು ಊದ್ಕಂಡಿತ್ತು. ಇವತ್ತು ತಪ್ಪಿಸ್ಬಾರ್ದಿತ್ತು" ಎಂದರು. ಆಮೇಲೆ, "ಮೂರು ಗಂಟೆ ಒಳಗೆ ಕರ್ಕಂಡ್ಬಂದ್ರೆ ಒಂದು ಮೆಷಿನ್ ಹಿಡ್ದಿಟ್ಕಂತೀನಿ. ಆಮೇಲೆ ನನ್ ಕೈಲಿಲ್ಲ" ಎಂದರು.

ಕೋಣಂದೂರು ಗಾಡಿಯ ಡ್ರೈವರ್ ದೇವೇಂದ್ರಣ್ಣ ಎಷ್ಟೋ ವರ್ಷದಿಂದ ಆ ದಾರಿಯಲ್ಲಿ ಓಡಿಸುವವರು. ಪಟ್ಟಿ ಇರಲಿ ಬಿಡಲಿ, ಶಾರದಮ್ಮನನ್ನು ಬಿಟ್ಟು ಬರುವವರಲ್ಲ. ಆದರೆ ಅವತ್ತು ಅವರ ತಂಗಿಯ ಮಗುವಿನ ನಾಮಕರಣ. ಬದಲಿಗೆ ಹೊಸಬನೊಬ್ಬ ಗಾಡಿ ತಂದಿದ್ದ. ಅವನಿಗೆ ನಾನೇ ಫೋನ್ ಮಾಡಿದೆ.

"ನನ್ ಪಟ್ಟೀಲಿ ಆರೇ ಜನ ಇದ್ದಿದ್ದು ಮೇಡಂ" ಎಂದ. ಆಮೇಲೆ ದನಿ ತಗ್ಗಿಸಿ, "ಅರಳಸುರಳಿ ಕಡೆ ಒಬ್ರು ಹೆಂಗಸು ತಂಗುದಾಣದಲ್ಲಿ ನಿಂತಿದ್ರು. ಕೈ ಅಡ್ಡ ಹಾಕಿದ್ರು. ಬಾಡಿಗೆ ಗಾಡಿ ಅಂದ್ಕಂಡಿರ್ಬೇಕು ಅಂತ ನಿಲ್ಲಿಸ್ಲಿಲ್ಲ" ಎಂದ.

ಅವನು ಹೇಳಿದ್ದನ್ನು ಗಿರಿಜಕ್ಕನಿಗೆ ಹೇಳುವಷ್ಟರಲ್ಲಿ ನನಗೆ ಅಳು ಬಂತು.

"ಅಳ್ತಾ ನಿಂತ್ಕಬೇಡ ಈಗ" ಎಂದರು ಗಿರಿಜಕ್ಕ. "ನೀನು ಬರೆದಿದ್ದನ್ನ ನೀನೇ ತೆಗಿ. ನಾಳೆ ಶುಕ್ರವಾರ. ಹೊಸನಗರ ಗಾಡೀಲಿ ಫೋನಿಲ್ದವ್ರು ಇನ್ನೂ ಇಬ್ರಿದಾರೆ. ನಾನು ಇವ್ರದ್ದು ನೋಡ್ಕಂತೀನಿ."

ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಅವರು ಇಪ್ಪತ್ತೆರಡು ಜನರ ಬಗ್ಗೆಯೂ ಏನಾದರೂ ಒಂದು ಬರೆದಿಟ್ಟುಕೊಂಡಿದ್ದರು. ಶಾರದಮ್ಮನ ಹೆಸರಿನ ಮುಂದೆ ತಂಗುದಾಣದ ಎದುರಿನ ಅಂಗಡಿಯ ನಂಬರಿತ್ತು. ಅಂಗಡಿಯವರು, "ಹೌದ್ರೀ, ಬೆಳಗ್ಗೆ ಒಂಬತ್ತರ ತನಕ ಕೂತಿದ್ರು. ಎಂತದೂ ಮಾತಾಡ್ಲಿಲ್ಲ. ಆಮೇಲೆ ಬ್ಯಾಗ್ ತಗಂಡು ಹೊರಟೋದ್ರು" ಎಂದರು. ವಿಷಯ ಕೇಳಿ, "ನಾನೇ ಹೋಗಿ ಹೇಳ್ತೀನಿ, ರಸ್ತೆಗೆ ಕರ್ಕಂಡ್ ಬರ್ತೀನಿ. ಗಾಡಿ ಮಾತ್ರ ನೀವು ಕಳ್ಸಿ" ಎಂದು ಅಂಗಡಿ ಮುಚ್ಚಿ ಹೊರಟರು.

ಆ ಮಳೆಯಲ್ಲಿ ವ್ಯಾನು ವಾಪಸು ಹೋಗಿ ಬರುವಂತಿರಲಿಲ್ಲ. ಉಳಿದ ಆರು ಜನರನ್ನು ಡಯಾಲಿಸಿಸ್ ಮುಗಿದ ಕೂಡಲೇ ಮನೆಗೆ ಬಿಡಬೇಕಿತ್ತು. ಗಿರಿಜಕ್ಕ ದೇವೇಂದ್ರಣ್ಣನಿಗೆ ಫೋನ್ ಮಾಡಿದರು. ಹಿಂದೆ ಮಂಗಳವಾದ್ಯ ಕೇಳಿಸುತ್ತಿತ್ತು.

"ಊಟಕ್ಕೆ ಕೂತಿದೀವಿ ಅಕ್ಕಾ, ಎಲೆ ಹಾಕಿದಾರೆ, ಎಂತ ಹೇಳಿ" ಎಂದವರು, ಅರ್ಧ ಕೇಳುವಷ್ಟರಲ್ಲಿ, "ಎಂತ? ಶಾರದಮ್ಮನ್ನ ಬಿಟ್ಟು ಬಂದ್ನಾ ಅವ್ನು?" ಎಂದು ಫೋನ್ ಇಟ್ಟರು. ಭಾವನ ಓಮ್ನಿ ತಗೊಂಡು ಬಿಳಿ ಪಂಚೆ ಶಲ್ಯದಲ್ಲೇ ಹೊರಟರಂತೆ. ದಾರಿಯಲ್ಲಿ ಮರ ಬಿದ್ದಿತ್ತು. ಪಂಚೆ ಎತ್ತಿ ಕಟ್ಟಿ, ಊರವರ ಜೊತೆ ಸೇರಿ ಕೊಂಬೆ ಎಳೆದು ಹಾಕಿ ಗಾಡಿ ದಾಟಿಸಿದರಂತೆ. ಇದೆಲ್ಲ ಅವರೇ ಆಮೇಲೆ ಹೇಳಿದ್ದು.

ನಾನು ಇಲ್ಲಿ ಆ ಸಾಲನ್ನು ಅಳಿಸಿ ಪುಶ್ ಮಾಡಿದೆ. ಮೆಷಿನ್ನು ಎದ್ದಿತು. ನಾಲ್ಕನೆಯ ನಿಮಿಷಕ್ಕೆ ಕರೆಂಟು ಹೋಯಿತು. ಇನ್‌ವರ್ಟರ್ ನಮ್ಮ ಮೂರು ಕಂಪ್ಯೂಟರಿಗೆ ಸಾಕಾಗುತ್ತಿತ್ತು, ಸ್ಟ್ಯಾಂಡಿನ ಮೇಲಿದ್ದ ಮುದಿ ಮೆಷಿನ್ನಿಗೆ ವೈರೇ ಎಳೆದಿರಲಿಲ್ಲ. ಸರ್ ತಮ್ಮ ಕಂಪ್ಯೂಟರ್ ಆರಿಸಿ, ಅದರ ವೈರು ಕಿತ್ತು ಹಳೆಯ ಮೆಷಿನ್ನಿಗೆ ಚುಚ್ಚಿದರು. ಮತ್ತೆ ಮೊದಲಿನಿಂದ ಹನ್ನೆರಡು ನಿಮಿಷ. ಕೆಳಗಿನಿಂದ ಇಸ್ತ್ರಿಯ ಹಬೆ ಏಳುತ್ತಿತ್ತು. ಅಷ್ಟು ಉದ್ದದ ಹನ್ನೆರಡು ನಿಮಿಷ ನನ್ನ ಜೀವನದಲ್ಲಿ ಮತ್ತೆ ಬಂದಿಲ್ಲ. ಹಸಿರು ಬಿದ್ದಾಗ ಗಿರಿಜಕ್ಕ ತಮ್ಮ ಮೊಬೈಲಿನಲ್ಲಿ ನೋಡಿ, ಬೆರಳಿಟ್ಟು ಎಣಿಸಿ, "ಏಳು" ಎಂದರು. ಆಮೇಲೆ ನಾಳೆಯ ಪಟ್ಟಿ ತೆಗೆದು ಅದನ್ನೂ ಎಣಿಸಿದರು.

ಎರಡೂ ಮುಕ್ಕಾಲಿಗೆ ದೇವೇಂದ್ರಣ್ಣನ ಫೋನ್ ಬಂತು. "ಒಳಗೆ ಕಳ್ಸಿದೀನಿ. ಏದುಸಿರು ಬರ್ತಿತ್ತು, ಈಗ ಮಲಗ್ಸಿದಾರೆ. ಏನೂ ತೊಂದ್ರೆ ಇಲ್ವಂತೆ."

ಗಿರಿಜಕ್ಕ ಫೋನ್ ಕೆಳಗಿಟ್ಟು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. ಅಲ್ಲಿಯವರೆಗೆ ಅವರಿಗೂ ಹೆದರಿಕೆಯಾಗಿತ್ತೆಂದು ನನಗೆ ಅನ್ನಿಸಿಯೇ ಇರಲಿಲ್ಲ.

ಮುಂದಿನ ಸೋಮವಾರ ಶಾರದಮ್ಮನ ಹತ್ತಿರ ತಪ್ಪೊಪ್ಪಿಕೊಂಡು ಬರಬೇಕೆಂದು ಹೊರಟೆ. "ನಾನೂ ಬರ್ತೀನಿ" ಎಂದು ಗಿರಿಜಕ್ಕನೂ ಬಸ್ಸು ಹತ್ತಿದರು. ತೀರ್ಥಹಳ್ಳಿ ಮುಟ್ಟುವಾಗ ಹನ್ನೊಂದು ದಾಟಿತ್ತು. ಜ್ಯೋತಿ ಸಿಸ್ಟರ್ ಒಳಗೆ ಬಿಟ್ಟರು.

ಶಾರದಮ್ಮ ಸಣ್ಣ ಆಳು. ಎಡಗೈ ಚಾಚಿ ಮಲಗಿದ್ದರು. ಅದರಿಂದ ಹೊರಟ ಕೊಳವೆಯಲ್ಲಿ ರಕ್ತ ಮೆಷಿನ್ನಿಗೆ ಹೋಗಿ ವಾಪಸು ಬರುತ್ತಿತ್ತು. ಊರಿನಲ್ಲಿ ಇಪ್ಪತ್ತು ವರ್ಷ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿದವರಂತೆ. ಈಗ ತಂಗಿಯ ಮನೆಯಲ್ಲಿದ್ದಾರೆ. ನಾನು ನಡೆದದ್ದನ್ನೆಲ್ಲ ಹೇಳಿದೆ. ಗುಂಡಿ, ನಂಬರ್, ನನ್ನ ಸಾಲು. ಎಷ್ಟು ಅರ್ಥವಾಯಿತೋ, ಪೂರ್ತಿ ಕೇಳಿಸಿಕೊಂಡರು.

"ಅಂದ್ರೆ ನನ್ನ ಹೆಸ್ರು ಬೇಕು ಅಂತ ತೆಗ್ದಿದ್ದಲ್ವಾ?" ಎಂದರು.

"ಅಯ್ಯೋ, ಇಲ್ಲಮ್ಮಾ! ಯಾಕೆ ತೆಗೀತಾರೆ?"

"ನಾ ಹಂಗೇ ಅಂದ್ಕಂಡೆ. ಕೈ ತೋರ್ಸಿದ್ರೂ ಗಾಡಿ ನಿಲ್ಲಿಸ್ದೆ ಹೋತಲ, ಅವಾಗ. ಸಣ್ಣ ವಯಸ್ಸಿನೋರು ಎಷ್ಟೋ ಜನ ಜಾಗಕ್ಕೆ ಕಾಯ್ತಿದಾರೆ ಅಂತ ಇಲ್ಲೇ ಮಾತಾಡ್ತಿದ್ರು. ನಂಗೆ ಐವತ್ತೆಂಟಾಯ್ತು. ಇನ್ನು ಇವ್ಳಿಗೆ ಸಾಕು ಅಂತ ತೆಗ್ದಿರ್ಬೇಕು, ಅದ್ರಲ್ಲಿ ತಪ್ಪೆಂತ ಇದೆ ಅಂದ್ಕಂಡೆ. ಮನೆಗೆ ಹೋಗಿ ತಂಗಿ ಹತ್ರ, ಇವತ್ತು ಆಸ್ಪತ್ರೆಗೆ ರಜ ಅಂದೆ."

"ಆ ಅಂಗಡಿಯಿಂದ ಒಂದು ಫೋನ್ ಮಾಡಿ ಕೇಳ್ಬೋದಿತ್ತಲ್ಲಮ್ಮಾ?"

"ಎಂತ ಅಂತ ಕೇಳದು ಮಗಾ? ಪುಕ್ಕಟೆ ಗಾಡಿ. ಇಷ್ಟು ದಿನ ಕರ್ಕಂಡ್ ಹೋಗಿದ್ದೇ ದೊಡ್ಡದು. ಯಾಕೆ ಬರ್ಲಿಲ್ಲ ಅಂತ ಕೇಳಾಕೆ ನಂಗೆಂತ ಹಕ್ಕದೆ?"

ಅವರ ದನಿಯಲ್ಲಿ ಸಿಟ್ಟಾಗಲಿ ದುಃಖವಾಗಲಿ ಇರಲಿಲ್ಲ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಗೋಡೆಯ ಕಡೆ ತಿರುಗಿದೆ. ಗುರುವಾರ ಗಿರಿಜಕ್ಕ ಎಣಿಸದೇ ಇದ್ದಿದ್ದರೆ ಈ ಹೆಂಗಸು ಇನ್ನೂ ನಾಲ್ಕು ದಿನ, ಎಂಟು ದಿನ, ಯಾರಿಗೂ ಏನೂ ಹೇಳದೆ ಮನೆಯಲ್ಲಿ ಕೂತಿರುತ್ತಿದ್ದರು.

ಗಿರಿಜಕ್ಕ ಸ್ಟೂಲು ಎಳೆದುಕೊಂಡು ಕೂತು ಅವರ ಬಲಗೈ ಹಿಡಿದುಕೊಂಡರು. "ಹಂಗಲ್ಲ ಶಾರದಮ್ಮ. ಗಾಡಿ ಐದು ನಿಮಿಷ ತಡ ಆದ್ರೂ ಫೋನ್ ಮಾಡಿ ಬೈಬೇಕು. ಬೈಸ್ಕಣಾಕೇ ನಾವಿರದು. ನಾನು ಗಿರಿಜ ಅಂತ. ನಂಬರು ಅಂಗಡಿಯೋರ ಹತ್ರ ಇದೆ" ಎಂದರು. ಶಾರದಮ್ಮ ನಕ್ಕರು. ಬೈಯುವವರ ಹಾಗೆ ಕಾಣಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ನಾನು, "ಅಕ್ಕಾ, ಆ ಮೆಷಿನ್ ನಿಲ್ಲಿಸಿಬಿಡ್ತೀನಿ. ಮೊದಲಿನ ಹಾಗೇ ನೀವೇ ಮಾಡಿ" ಎಂದೆ. ಅವರಿಗೆ ಸಂತೋಷವಾಗುತ್ತದೆಂದುಕೊಂಡಿದ್ದೆ.

"ನಿಂಗೆಂತ ತಲೆ ಕೆಟ್ಟದೆಯನೇ? ನಂಗೆ ಕಾಮಾಲೆ ಆದಾಗ ಒಂಬತ್ತು ದಿನ ಯಾರಿಗೂ ಎಂತ ಮಾಡಕೂ ಆಗ್ಲಿಲ್ಲ. ಅದು ಸರಿಯಾ? ಮತ್ತೊಂದ್ ಸಲ ಮಲಗಿದ್ರೆ?" ಎಂದರು. ಆಮೇಲೆ ಪ್ರೆಸ್ಸಿನ ವಿಷಯ ತೆಗೆದರು. "ಪ್ರೆಸ್ಸಲ್ಲಿ ಅಚ್ಚು ಹಾಕೋ ಮೆಷಿನ್ ಒಂದಿನಾನೂ ತಪ್ಪು ಮಾಡಿದ್ದಿಲ್ಲ. ನಾವು ಜೋಡ್ಸಿದ್ದನ್ನ ಹಂಗೇ ಹಾಕ್ತಿತ್ತು. ತಪ್ಪಿದ್ರೆ ಸಾವಿರ ಪ್ರತೀಲೂ ಅದೇ ತಪ್ಪು. ಅದಕ್ಕೇ ಮೊದ್ಲು ಒಂದು ಪ್ರೂಫ್ ತೆಗ್ದು ಓದ್ತಿದ್ವಿ. ನೀನು ಪ್ರೂಫ್ ತೆಗೀದೆ ಅಚ್ಚಿಗೆ ಬಿಟ್ಟೆ, ಅಷ್ಟೇ."

"ಶುಕ್ರವಾರ ನೀವು ಮಾಡ್ತಿದ್ದಿದ್ದು ಅದೇನಾ?"

"ಮತ್ತಿನ್ನೆಂತ? ನಿದ್ದೆ ಮಾಡ್ತಿದ್ದೆ ಅಂದ್ಕಂಡಿದ್ಯಾ?"

ಪುಷ್ಯ ಮಳೆಯ ಎರಡು ವಾರವೂ ನಾವಿಬ್ಬರು ಒಂದೇ ಮೇಜಿಗೆ ಕೂತೆವು. ಅವರು ನೋಟ್‌ಬುಕ್ ತೆರೆದು ಒಂದೊಂದೇ ಹೇಳುವುದು, ನಾನು ಅದನ್ನು ಮೆಷಿನ್ನು ಮಾಡುವ ಪರೀಕ್ಷೆಯಾಗಿ ಬರೆಯುವುದು. ಫೋನಿಲ್ಲದವರು ಪಟ್ಟಿಯಲ್ಲಿದ್ದಾರೆಯೇ? ಒಂದೇ ಹೆಸರಿನ ಇಬ್ಬರಿದ್ದರೆ ಇಬ್ಬರೂ ಕಾಣುತ್ತಾರೆಯೇ? ತಿಂಗಳ ಕೊನೆಯ ದಿನ ಗುರುವಾರವೇ ಬಂದರೆ? ಹಬ್ಬಕ್ಕೆಂದು ದಿನ ಬದಲಿಸಿದವರು ಎರಡು ಕಡೆಯೂ ತಪ್ಪಿಹೋಗುವುದಿಲ್ಲ ತಾನೇ? ಇಷ್ಟನ್ನೂ ಆ ಹೆಂಗಸು ಇಷ್ಟು ವರ್ಷ ಪ್ರತಿ ಶುಕ್ರವಾರ ಕಣ್ಣಿನಲ್ಲೇ ನೋಡುತ್ತಿದ್ದರು. ಅರ್ಧ ದಿನ ಯಾಕೆ ಬೇಕಿತ್ತೆಂದು ನನಗೆ ಆಗ ತಿಳಿಯಿತು. ಆರಿದ್ದ ಪರೀಕ್ಷೆ ನಲವತ್ತೊಂದಾಯಿತು. ಪುಶ್ ಮಾಡಿದರೆ ಬಿಲ್ಡ್ ತಾನಾಗಿಯೇ ಶುರುವಾಗುವುದನ್ನು ಹಾಗೇ ಉಳಿಸಿಕೊಂಡೆವು. ಡ್ರೈವರುಗಳಿಗೆ ಹೋಗುವ ಮೊದಲು ಮಾತ್ರ ಅದು ನಿಂತು ಕಾಯಬೇಕು. ಗಿರಿಜಕ್ಕ ತಮ್ಮ ಮೊಬೈಲಿನಲ್ಲಿ ಓದಿ ನೋಡಿ ಒಪ್ಪಿಗೆ ಒತ್ತಿದ ಮೇಲೆಯೇ ಮುಂದಕ್ಕೆ. ಅವರಿಲ್ಲದ ದಿನ ನೋಟ್‌ಬುಕ್ ಇಟ್ಟುಕೊಂಡು ಸರ್ ಅಥವಾ ನಾನು.

ಆ ದಿನಗಳಲ್ಲಿ ಒಮ್ಮೆ ಸರ್ ನಮ್ಮ ಹಿಂದೆ ಬಂದು ನಿಂತು ತುಂಬ ಹೊತ್ತು ಕೇಳಿಸಿಕೊಂಡರು. ಆಮೇಲೆ ತಮ್ಮ ಕುರ್ಚಿಯ ದಿಂಬು ತಂದು ಗಿರಿಜಕ್ಕನ ಬೆನ್ನಿಗೆ ಇಟ್ಟರು. ಇಬ್ಬರೇ ಸಾಕೆಂಬ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಗಣೇಶನ ಹಬ್ಬ ಕಳೆದರೂ ಎತ್ತಲಿಲ್ಲ.

ಆಶ್ಲೇಷ ಮಳೆಯ ಒಂದು ಗುರುವಾರ ನಾನು ಬೆಳಗಿನ ಮೊದಲ ಬಸ್ಸಿಗೇ ಬಂದು ಬಾಗಿಲು ತೆಗೆದಿದ್ದೆ. ಗಿರಿಜಕ್ಕ ಇನ್ನೂ ಚಪ್ಪಲಿ ಬಿಡುತ್ತಿದ್ದರು. ಅವರ ಮೊಬೈಲ್ ಹೊಡೆದುಕೊಂಡಿತು. ಕೈಯಲ್ಲಿ ಕೊಡೆಯಿದ್ದುದರಿಂದ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು.

"ಹಲೋ, ಗಿರಿಜಮ್ಮನಾ? ನಾನು ಶಾರದಮ್ಮ, ಅರಳಸುರಳಿಯಿಂದ." ಉಸಿರು ಬಿಗಿಹಿಡಿದು ಮಾತಾಡುತ್ತಿದ್ದರು. ಯಾರೋ ಪಕ್ಕದಲ್ಲಿ ನಿಂತು ಧೈರ್ಯ ಹೇಳುತ್ತಿದ್ದಂತಿತ್ತು. "ಕಾಲು ಗಂಟೆ ಆಯ್ತು ನಾನಿಲ್ಲಿ ನಿಂತು. ಗಾಡಿ ಇನ್ನೂ ಬಂದಿಲ್ಲ. ಎಂತಕ್ಕೆ ಬಂದಿಲ್ಲ?"

ಗಿರಿಜಕ್ಕ ಕೊಡೆ ಕೆಳಗೆ ಹಾಕಿದರು. ಮುಖವೆಲ್ಲ ನಗುವಾಗಿತ್ತು.

"ತಪ್ಪಾಯ್ತು ಶಾರದಮ್ಮ, ಈಗ್ಲೇ ವಿಚಾರಿಸ್ತೀನಿ" ಎಂದರು.

"ಬೇಗ ವಿಚಾರ್ಸಿ. ಮಳೆ ಬೇರೆ" ಎಂದು ಶಾರದಮ್ಮ ಗದರಿಸಿ ಫೋನ್ ಇಟ್ಟರು.